ಹಳೇ ಸರ್ವರ್‌ಗೆ ಹೊಸ ಕಾರ್ಡ್ ಹಾಕಿಸ್ತೀರಾ? ಸ್ಲಾಟ್‌ನಲ್ಲಿ ಕೂತರೆ ಸಾಕಾಗಲ್ಲ, ಮೊದಲು ಇದನ್ನು ಓದಿ

ತಿಪಟೂರು: ಎಪಿಎಂಸಿ ಯಾರ್ಡ್ ಹತ್ತಿರದ ಒಂದು ಕೊಬ್ಬರಿ ಮಂಡಿಯಲ್ಲಿ ಇತ್ತೀಚೆಗೆ ಹನ್ನೊಂದು ದಿನದ ಬಿಲ್ಲುಗಳನ್ನು ಗುಮಾಸ್ತರು ಮತ್ತೆ ಕೂತು ಒಂದೊಂದಾಗಿ ಎಂಟ್ರಿ ಮಾಡಬೇಕಾಯಿತು. ಸರ್ವರ್‌ನಲ್ಲಿದ್ದ ಎರಡೂ ಹಾರ್ಡ್ ಡಿಸ್ಕ್ ಚೆನ್ನಾಗೇ ಇದ್ದವು, ಈಗಲೂ ಅವೇ ಓಡುತ್ತಿವೆ. ಆಗಿದ್ದು ಇಷ್ಟೇ: ಒಳಗಿದ್ದ ಒಂದು ಕಾರ್ಡ್ ಬದಲಾಯಿಸಿದರು, ಆನ್ ಮಾಡಿದಾಗ ಸ್ಕ್ರೀನ್ ಒಂದು ಪ್ರಶ್ನೆ ಕೇಳಿತು, ಅದಕ್ಕೆ ತಪ್ಪು ಉತ್ತರ ಕೊಟ್ಟರು.

ಈ ಕಥೆ ಒಂದು ಮಂಡಿಯದ್ದಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಸರ್ವರ್‌ಗಳು ಎಸ್.ಪಿ. ರೋಡ್ ಅಂಗಡಿಗಳಿಗೆ ಬರುತ್ತವೆ. ಅಲ್ಲಿಂದ ತಾಲ್ಲೂಕುಗಳ ಹೋಲ್‌ಸೇಲ್ ಅಂಗಡಿ, ನರ್ಸಿಂಗ್ ಹೋಮ್, ಶಾಲೆ, ಸಹಕಾರ ಸಂಘಗಳಿಗೆ ಬಂದು ಕೂರುತ್ತವೆ. ಹೊಸ ಸರ್ವರ್‌ನ ರೇಟ್ ಕೇಳಿ ಸುಸ್ತಾದವರಿಗೆ ಇದು ಒಳ್ಳೆ ದಾರಿಯೇ. ಗಟ್ಟಿ ಮಾಲು, ಎರಡು ಪವರ್ ಸಪ್ಲೈ, ಹಗಲು ರಾತ್ರಿ ಓಡೋಕೆ ಮಾಡಿದ ಯಂತ್ರ. ಆದರೆ ತಂದ ಒಂದೆರಡು ತಿಂಗಳಿಗೆ "ಇದಕ್ಕೊಂದು ಕಾರ್ಡ್ ಹಾಕಿಸೋಣ" ಎಂಬ ಮಾತು ಶುರುವಾಗುತ್ತದೆ. ತೊಂದರೆ ಶುರುವಾಗೋದೂ ಅಲ್ಲಿಂದಲೇ.

ಮಂಡಿಯವರ ಬಳಿ ಇರುವುದು ಡೆಲ್ ಪವರ್‌ಎಡ್ಜ್ ಆರ್710. 2009ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ತುಂಬಾ ಓಡಾಡಿದ್ದು ಇದೇ ಆದ್ದರಿಂದ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಚ್‌ಪಿ, ಐಬಿಎಂ ಸರ್ವರ್ ಇರುವವರಿಗೂ ಮುಕ್ಕಾಲು ಪಾಲು ಮಾತು ಅನ್ವಯಿಸುತ್ತದೆ, ಒತ್ತುವ ಕೀಗಳ ಹೆಸರು ಮಾತ್ರ ಬೇರೆ.

ಸ್ಲಾಟ್ ಅಂದರೆ ರಸ್ತೆ

ಸರ್ವರ್ ಮುಚ್ಚಳ ತೆಗೆದರೆ ಒಳಗೆ ಉದ್ದುದ್ದ ಸೀಳುಗಳು ಕಾಣುತ್ತವೆ. ಇವೇ ಸ್ಲಾಟ್. ಈಗ ಸಿಗುವ ಕಾರ್ಡ್‌ಗಳೆಲ್ಲ ಪಿಸಿಐ ಎಕ್ಸ್‌ಪ್ರೆಸ್ ಜಾತಿಯವು. 2003ರ ಸುಮಾರಿಗೆ ಬಂದ ಪದ್ಧತಿ ಇದು. ಅದಕ್ಕೂ ಹಿಂದಿನ ಬರೀ ಪಿಸಿಐ ಕಾರ್ಡ್ ಅಟ್ಟದ ಮೇಲೆ ಬಿದ್ದಿದ್ದರೆ ಅದು ಆರ್710ರಲ್ಲಿ ಕೂರೋದೇ ಇಲ್ಲ, ಒತ್ತಿ ಕೂರಿಸಲು ಹೋಗಬೇಡಿ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಲೇನ್ ಎಂಬ ಲೆಕ್ಕ ಇದೆ. ಬಿ.ಎಚ್. ರೋಡ್‌ನ ಲೇನ್ ಇದ್ದ ಹಾಗೇ. ಎಕ್ಸ್1 ಅಂದರೆ ಒಂದು ಲೇನ್, ಎಕ್ಸ್4 ಅಂದರೆ ನಾಲ್ಕು, ಹೀಗೆ ಎಂಟು, ಹದಿನಾರು. ಆರ್710ರಲ್ಲಿರುವ ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ. ಮೊದಲನೇ ತಲೆಮಾರಿನಲ್ಲಿ ಅದು 250 ಇತ್ತು, ಮೂರನೆಯದರಲ್ಲಿ ಹೆಚ್ಚೂಕಮ್ಮಿ 985. ಹೊಸ ತಲೆಮಾರಿನ ಕಾರ್ಡ್ ಹಳೇ ಸ್ಲಾಟ್‌ನಲ್ಲಿ ಸಾಮಾನ್ಯವಾಗಿ ಓಡುತ್ತದೆ, ಆದರೆ ಹಳೇ ಸ್ಲಾಟ್‌ನ ವೇಗದಲ್ಲಿ.

ಚಿಕ್ಕ ಕಾರ್ಡನ್ನು ದೊಡ್ಡ ಸ್ಲಾಟ್‌ಗೆ ಹಾಕಬಹುದು. ಎಕ್ಸ್1 ಕಾರ್ಡ್ ಎಕ್ಸ್8 ಸ್ಲಾಟ್‌ನಲ್ಲಿ ಆರಾಮಾಗಿ ಕೆಲಸ ಮಾಡುತ್ತದೆ, ಉಳಿದ ಜಾಗ ಖಾಲಿ ಬಿದ್ದಿರುತ್ತದೆ ಅಷ್ಟೇ. ದೊಡ್ಡ ಕಾರ್ಡ್ ಚಿಕ್ಕ ಸ್ಲಾಟ್‌ಗೆ ಹೋಗಲ್ಲ. ಇದು ಎಲ್ಲರಿಗೂ ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಕಾಣದ್ದು ಇನ್ನೊಂದಿದೆ: ಸ್ಲಾಟ್‌ನ ಉದ್ದವೇ ಒಂದು, ಒಳಗೆ ಎಳೆದಿರುವ ಲೇನ್‌ಗಳೇ ಒಂದು. ಎಂಟು ಲೇನ್ ಉದ್ದದ ಸ್ಲಾಟ್‌ನೊಳಗೆ ನಾಲ್ಕೇ ಲೇನ್ ಇರಬಹುದು. ಹೊರಗೆ ಅಗಲ ರಸ್ತೆ, ಮುಂದೆ ಹೋದರೆ ಸಿಂಗಲ್ ಬ್ರಿಡ್ಜ್. ಆರ್710ರಲ್ಲಿ ಮಾಮೂಲಿಯಾಗಿ ಎರಡು ಎಕ್ಸ್8, ಎರಡು ಎಕ್ಸ್4 ಸ್ಲಾಟ್ ಸಿಗುತ್ತವೆ. ಕೆಲವದರಲ್ಲಿ ಎರಡು ಎಕ್ಸ್8ರ ಬದಲು ಒಂದು ಎಕ್ಸ್16 ಇರುತ್ತದೆ. ಇವು ನೇರ ಮದರ್‌ಬೋರ್ಡ್ ಮೇಲಿಲ್ಲ, ರೈಸರ್ ಎಂಬ ಎದ್ದು ನಿಂತ ಹಲಗೆಯ ಮೇಲಿವೆ. ಕಾರ್ಡ್ ಹಾಕಬೇಕಾದರೆ ರೈಸರನ್ನೇ ಮೇಲೆತ್ತಿ ತೆಗೆದು, ಕಾರ್ಡ್ ಕೂರಿಸಿ, ಮತ್ತೆ ಇಳಿಸಬೇಕು. ಇಷ್ಟರ ಮೇಲೆ ಇನ್ನೊಂದು ಸ್ಲಾಟ್ ಇದೆ, ಅದು ಡಿಸ್ಕ್‌ಗಳನ್ನು ನಡೆಸುವ ಕಾರ್ಡ್‌ಗೆ ಮಾತ್ರ ಮೀಸಲು. ಅದರ ವಿಚಾರ ಮುಂದೆ ಬರುತ್ತದೆ.

ಎರಡು ಪ್ರೊಸೆಸರ್ ಹಾಕುವ ಜಾಗವಿರುವ ಸರ್ವರ್‌ನಲ್ಲಿ ಒಂದು ಗುಟ್ಟಿದೆ. ಆರ್710ರಲ್ಲಿ ಸ್ಲಾಟ್‌ಗಳು ಚಿಪ್‌ಸೆಟ್‌ಗೆ ಸೇರಿವೆ. 2012ರಲ್ಲಿ ಬಂದ ಮುಂದಿನ ತಲೆಮಾರಿನಲ್ಲಿ, ಅಂದರೆ ಡೆಲ್ ಆರ್720, ಎಚ್‌ಪಿ ಜೆನ್8 ತರಹದವುಗಳಲ್ಲಿ, ಸ್ಲಾಟ್‌ಗಳು ನೇರ ಪ್ರೊಸೆಸರ್‌ಗೇ ಸೇರಿವೆ. ಕೆಲವು ಸ್ಲಾಟ್ ಮೊದಲನೇ ಪ್ರೊಸೆಸರ್‌ಗೆ, ಕೆಲವು ಎರಡನೆಯದಕ್ಕೆ. ಎರಡನೇ ಪ್ರೊಸೆಸರ್ ಜಾಗ ಖಾಲಿ ಇದ್ದರೆ ಅದಕ್ಕೆ ಸೇರಿದ ಸ್ಲಾಟ್ ಸತ್ತ ಹಾಗೆ. ಕಾರ್ಡ್ ಸರಿಯಾಗಿ ಕೂರುತ್ತದೆ, ಆದರೆ ಕಂಪ್ಯೂಟರ್‌ಗೆ ಅದು ಇದೆ ಅಂತಲೇ ಗೊತ್ತಾಗಲ್ಲ. ಒಂದೇ ಪ್ರೊಸೆಸರ್ ಇರುವ ಸರ್ವರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರು "ಕಾರ್ಡೇ ಡಮ್ಮಿ" ಅಂತ ಅಂಗಡಿಯವನ ಜೊತೆ ಜಗಳ ಆಡುವ ಮೊದಲು ಸ್ಲಾಟ್ ಬದಲಿಸಿ ನೋಡುವುದು ಒಳ್ಳೆಯದು.

ನಿಜವಾಗಿ ಯಾವ ಕಾರ್ಡ್ ಬೇಕು?

ಮಂಡಿಯ ಯಜಮಾನರ ಪಟ್ಟಿಯಲ್ಲಿ ನಾಲ್ಕು ಕಾರ್ಡ್ ಇದ್ದವು. ನೆಟ್‌ವರ್ಕ್ ಕಾರ್ಡ್, ಸಿಸಿಟಿವಿ ನೋಡೋಕೆ ಗ್ರಾಫಿಕ್ಸ್ ಕಾರ್ಡ್, ಯುಎಸ್‌ಬಿ 3 ಕಾರ್ಡ್, ಆಮೇಲೆ ದೊಡ್ಡ ಡಿಸ್ಕ್ ಹಾಕೋಕೆ ಹೊಸ ರೇಡ್ ಕಾರ್ಡ್. ಹತ್ತು ಅಂಗಡಿಯವರನ್ನು ಕೇಳಿದರೂ ಪಟ್ಟಿ ಹೆಚ್ಚೂಕಮ್ಮಿ ಇದೇ ಇರುತ್ತದೆ.

ನೆಟ್‌ವರ್ಕ್ ಕಾರ್ಡ್ ಅವರಿಗೆ ಬೇಕಿರಲೇ ಇಲ್ಲ. ಆರ್710ರ ಹಿಂಭಾಗದಲ್ಲಿ ಕಂಪನಿಯೇ ಕೊಟ್ಟ ನಾಲ್ಕು ಗಿಗಾಬಿಟ್ ಪೋರ್ಟ್ ಇವೆ. ಮೂರು ಬಿಲ್ಲಿಂಗ್ ಟೇಬಲ್‌ಗೆ ಒಂದು ಪೋರ್ಟೇ ಜಾಸ್ತಿ. ಟ್ಯಾಲಿ ನಿಧಾನ ಆಗುತ್ತಿದ್ದುದಕ್ಕೆ ಕಾರಣ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ಹಳೇ 100 ಎಂಬಿಪಿಎಸ್ ಸ್ವಿಚ್. ಅದರಲ್ಲಿ ಸೆಕೆಂಡಿಗೆ 11-12 ಎಂಬಿಗಿಂತ ಹೆಚ್ಚು ಹೋಗೋದೇ ಇಲ್ಲ, ಸರ್ವರ್‌ಗೆ ಎಂಥ ಕಾರ್ಡ್ ಹಾಕಿದರೂ ಅಷ್ಟೇ. ಗಿಗಾಬಿಟ್ ಸ್ವಿಚ್ ಹಾಕಿದರೆ 110ರವರೆಗೆ ಸಿಗುತ್ತದೆ. ಕೇಬಲ್ ಕೂಡ ಎಂಟೂ ತಂತಿ ಸರಿಯಾಗಿ ಕ್ರಿಂಪ್ ಆಗಿರಬೇಕು, ನಾಲ್ಕೇ ತಂತಿ ಹಾಕಿದ ಕೇಬಲ್ ಮತ್ತೆ 100ಕ್ಕೇ ನಿಲ್ಲುತ್ತದೆ. ಸಿಸಿಟಿವಿ ಕ್ಯಾಮೆರಾಗಳ ಓಡಾಟ ಬಿಲ್ಲಿಂಗ್‌ಗೆ ಅಡ್ಡ ಬರುತ್ತಿದ್ದರೆ ಇರುವ ನಾಲ್ಕರಲ್ಲೇ ಒಂದು ಪೋರ್ಟನ್ನು ಕ್ಯಾಮೆರಾಗಳಿಗೆ ಬಿಟ್ಟುಕೊಡಬಹುದು.

ಗ್ರಾಫಿಕ್ಸ್ ಕಾರ್ಡ್ ಆಸೆ ಬಿಡುವುದೇ ವಾಸಿ. ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗಳು ಎಕ್ಸ್16 ಉದ್ದದವು, ಸ್ಲಾಟ್ ಒಂದರಿಂದಲೇ 75 ವ್ಯಾಟ್‌ವರೆಗೆ ಎಳೆಯುತ್ತವೆ. ಅದಕ್ಕಿಂತ ದೊಡ್ಡವು ಪವರ್ ಸಪ್ಲೈನಿಂದ ಬೇರೆ ವೈರ್ ಕೇಳುತ್ತವೆ. ಈ ಸರ್ವರ್‌ನ ಸಾಮಾನ್ಯ ಸ್ಲಾಟ್‌ಗಳು 25 ವ್ಯಾಟ್ ಲೆಕ್ಕದಲ್ಲಿ ಮಾಡಿದಂಥವು, ಆ ವೈರೂ ಒಳಗಿಲ್ಲ. ಸ್ಲಾಟ್‌ನ ತುದಿ ಕೊಯ್ದು ಉದ್ದದ ಕಾರ್ಡ್ ತೂರಿಸುವ ವಿಡಿಯೋಗಳು ಮೊಬೈಲ್‌ನಲ್ಲಿ ಓಡಾಡುತ್ತವೆ. ನೋಡೋಕೆ ಚೆನ್ನಾಗಿರುತ್ತದೆ, ಲೆಕ್ಕಪತ್ರ ಇರುವ ಯಂತ್ರದ ಮೇಲೆ ಆ ಪ್ರಯೋಗ ಬೇಡ. ಸಣ್ಣ ಕಾರ್ಡ್ ಹಾಕಿದರೂ ಬೋರ್ಡ್ ಮೇಲಿರುವ ಮ್ಯಾಟ್ರಾಕ್ಸ್ ವಿಡಿಯೋ ಚಿಪ್ ಮೊದಲು ಏಳುತ್ತದೆ, ಬಯೋಸ್‌ನಲ್ಲಿ ಅದನ್ನು ಆಫ್ ಮಾಡಬೇಕು, ಮಾಡಿದ ಮೇಲೆ ಸ್ಕ್ರೀನ್ ಕಪ್ಪಾದರೆ ಮತ್ತೊಂದು ಪಜೀತಿ. ಕ್ಯಾಮೆರಾ ನೋಡೋಕೆ ಡಿವಿಆರ್‌ಗೆ ನೇರ ಒಂದು ಟಿವಿ ಹಾಕಿ, ಮುಗೀತು.

ಯುಎಸ್‌ಬಿ 3 ಕಾರ್ಡ್ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು. ಆರ್710ರಲ್ಲಿರುವುದು ಯುಎಸ್‌ಬಿ 2. ಹೇಳೋಕೆ 480 ಮೆಗಾಬಿಟ್ ಆದರೂ ಕೈಗೆ ಸಿಗುವುದು ಸೆಕೆಂಡಿಗೆ 30-35 ಎಂಬಿ. 500 ಜಿಬಿ ಬ್ಯಾಕಪ್ ತೆಗೆಯೋಕೆ ನಾಲ್ಕು ಗಂಟೆ. ಯುಎಸ್‌ಬಿ 3ರಲ್ಲಿ ಸಾಮಾನ್ಯ ಎಕ್ಸ್‌ಟರ್ನಲ್ ಡಿಸ್ಕ್ 100 ಎಂಬಿ ಮುಟ್ಟಿದರೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಅಂಗಡಿ ಬಾಗಿಲು ಹಾಕಿದ ಮೇಲೆ ನಾಲ್ಕು ಗಂಟೆ ಕಾಯೋರು ಯಾರೂ ಇಲ್ಲ, ಹಾಗಾಗಿ ಬ್ಯಾಕಪ್ಪೇ ನಿಂತುಹೋಗುತ್ತದೆ. ಈ ಮಂಡಿಯಲ್ಲಿ ಆಗಿದ್ದೂ ಅದೇ.

ಕಾರ್ಡ್ ಕೊಳ್ಳುವಾಗ ಮೂರು ವಿಷಯ ನೋಡಿ. ಕೆಲವು ಯುಎಸ್‌ಬಿ 3 ಕಾರ್ಡ್‌ಗಳಿಗೆ ಹಿಂದೆ ಬೇರೆ ಪವರ್ ವೈರ್ ಚುಚ್ಚಬೇಕು, ಮಾಮೂಲಿ ಕಂಪ್ಯೂಟರ್‌ನಲ್ಲಿ ನೇತಾಡುವಂಥ ಬಿಡಿ ವೈರ್ ಈ ಸರ್ವರ್‌ನಲ್ಲಿ ಇರಲ್ಲ. ಸ್ಲಾಟ್‌ನಿಂದಲೇ ಕರೆಂಟ್ ತೆಗೆದುಕೊಳ್ಳುವ ಕಾರ್ಡನ್ನೇ ಕೇಳಿ. ಎರಡನೆಯದು ಕಾರ್ಡ್‌ನ ತುದಿಯ ತಗಡು, ಬ್ರಾಕೆಟ್. ಪೂರ್ತಿ ಎತ್ತರದ್ದು, ಗಿಡ್ಡದ್ದು ಅಂತ ಎರಡು ಸೈಜ್ ಇವೆ, ಡಬ್ಬದಲ್ಲಿ ಎರಡೂ ಇದ್ದರೆ ತಲೆನೋವಿಲ್ಲ. ಮೂರನೆಯದು ಡ್ರೈವರ್. ವಿಂಡೋಸ್ ಸರ್ವರ್ 2012ರಿಂದ ಮುಂದಕ್ಕೆ ಯುಎಸ್‌ಬಿ 3 ತಾನಾಗೇ ಗೊತ್ತಾಗುತ್ತದೆ. 2008 ಆರ್2ಗೆ ಗೊತ್ತಾಗಲ್ಲ, ಡ್ರೈವರ್ ಬೇರೆ ಹಾಕಬೇಕು. ಅಂದ ಹಾಗೆ 2008 ಆರ್2ಗೆ ಮೈಕ್ರೋಸಾಫ್ಟ್ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ, 2012 ಆರ್2ಗೆ 2023ರ ಅಕ್ಟೋಬರ್ 10ಕ್ಕೆ. ಇಂಥ ಸರ್ವರ್‌ಗೆ ಇಂಟರ್ನೆಟ್ ಕೊಡದೆ ಒಳಗಿನ ಲೆಕ್ಕಕ್ಕಷ್ಟೇ ಇಟ್ಟುಕೊಳ್ಳುವುದು ಕ್ಷೇಮ.

ರೇಡ್ ಕಾರ್ಡ್: ಇಲ್ಲೇ ಎಡವಟ್ಟಾಗಿದ್ದು

ಸರ್ವರ್‌ನ ಹಾರ್ಡ್ ಡಿಸ್ಕ್‌ಗಳು ಮಾಮೂಲಿ ಕಂಪ್ಯೂಟರ್ ತರ ನೇರ ಬೋರ್ಡ್‌ಗೆ ಸೇರಿರಲ್ಲ. ನಡುವೆ ರೇಡ್ ಕಾರ್ಡ್ ಇರುತ್ತದೆ. ಎರಡು ಡಿಸ್ಕ್‌ಗೆ ಒಂದೇ ಲೆಕ್ಕ ಬರೆಯುವುದು, ಒಂದು ಸತ್ತರೆ ಇನ್ನೊಂದರಲ್ಲಿ ಕೆಲಸ ನಡೆಸುವುದು ಇದರ ಕಸುಬು. ಅಂಗಡಿಯ ಭಾಷೆಯಲ್ಲಿ ಹೇಳೋದಾದರೆ ಬಿಲ್ ಪುಸ್ತಕದ ಕೆಳಗೆ ಕಾರ್ಬನ್ ಪೇಪರ್ ಇಟ್ಟ ಹಾಗೆ. ಯಾವ ಡಿಸ್ಕ್‌ಗೆ ಯಾವುದು ಜೋಡಿ, ಎಷ್ಟು ಜಾಗ ಎಂಬ ಸಂರಚನೆ ಕಾರ್ಡ್‌ಗೂ ಗೊತ್ತಿರುತ್ತದೆ, ಡಿಸ್ಕ್‌ಗಳ ಮೇಲೂ ಬರೆದಿರುತ್ತದೆ. ಈ ಎರಡನೇ ಮಾತು ನೆನಪಿರಲಿ.

ಹಳೇ ಆರ್710ರಲ್ಲಿ ಬರುತ್ತಿದ್ದುದು ಪರ್ಕ್ 6/ಐ ಎಂಬ ಕಾರ್ಡ್. ಅದಕ್ಕೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಅರ್ಥವಾಗಲ್ಲ. ಮಂಡಿಯವರು ಸಿಸಿಟಿವಿ ರೆಕಾರ್ಡಿಂಗ್ ಇಡೋಕೆ 4 ಟಿಬಿ ಡಿಸ್ಕ್ ತಂದು ಹಾಕಿದರೆ ಪೂರ್ತಿ ಜಾಗ ಕಾಣಲಿಲ್ಲ. ಡಿಸ್ಕ್ ವಾಪಸ್ ಕೊಡೋಕೆ ಹೋದರು, ಅಂಗಡಿಯವನು ಕಾರ್ಡ್ ಬದಲಿಸಿ ಅಂದ. ಪರ್ಕ್ ಎಚ್700 ಎಂಬ ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದರು. ಆಯ್ಕೆ ತಪ್ಪಲ್ಲ. ಎಚ್700 ಅದರ ನಂತರದ ಕಾರ್ಡ್, ಫರ್ಮ್‌ವೇರ್ ಹೊಸದಿದ್ದರೆ ದೊಡ್ಡ ಡಿಸ್ಕ್ ಓದುತ್ತದೆ, 6/ಐನಲ್ಲಿ 256 ಎಂಬಿ ಇದ್ದ ಕ್ಯಾಶ್ ಮೆಮೊರಿ ಇದರಲ್ಲಿ 512. ಕೇಬಲ್ ಮಾತ್ರ ಬೇರೆ ಬೇಕು, ಯಾಕಂದರೆ ಎರಡು ಕಾರ್ಡ್‌ಗಳ ಕನೆಕ್ಟರ್ ಆಕಾರವೇ ಬೇರೆ. ಎಷ್ಟೋ ಜನ ಕಾರ್ಡ್ ಒಂದನ್ನೇ ತಂದು ಕೇಬಲ್‌ಗೆ ಮತ್ತೆ ಬಸ್ ಹತ್ತುತ್ತಾರೆ.

ಡಿಸ್ಕ್ ಕಾರ್ಡ್‌ಗೆ ಮೀಸಲಾದ ಸ್ಲಾಟ್‌ಗೂ ಒಂದು ಹಠ ಇದೆ. ಡೆಲ್‌ನ ರೇಡ್ ಕಾರ್ಡ್ ಅಲ್ಲದ್ದನ್ನು ಅಲ್ಲಿ ಹಾಕಿದರೆ ಒಳಗಿನ ಸ್ಟೋರೇಜ್ ಸ್ಲಾಟ್‌ನಲ್ಲಿ ಸಲ್ಲದ ಕಾರ್ಡ್ ಇದೆ ಅಂತ ಹೇಳಿ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಡೆಲ್ ಕಾರ್ಡೇ ಆಗಿದ್ದು, ಮಾರುವವರು ಅದರ ಫರ್ಮ್‌ವೇರ್ ಬದಲಿಸಿ ಬೇರೆ ಕೆಲಸಕ್ಕೆ ತಯಾರು ಮಾಡಿದ್ದರೂ ಇದೇ ತಕರಾರು. ಅಂಥ ಕಾರ್ಡನ್ನು ಉಳಿದ ಮಾಮೂಲಿ ಸ್ಲಾಟ್‌ಗೆ ಹಾಕಿದರೆ ಓಡುತ್ತದೆ.

ಮಂಡಿಯಲ್ಲಿ ಯಜಮಾನರ ತಂಗಿ ಮಗ, ಡಿಪ್ಲೊಮಾ ಓದುವ ಹುಡುಗ, ಕಾರ್ಡನ್ನು ಸರಿಯಾಗೇ ಹಾಕಿದ. ಆನ್ ಮಾಡಿದ. ಬೇರೆ ಕಾರ್ಡ್‌ನಲ್ಲಿ ತಯಾರಾದ ಸಂರಚನೆ ಈ ಡಿಸ್ಕ್‌ಗಳ ಮೇಲೆ ಕಂಡಿದೆ ಅಂತ ಇಂಗ್ಲಿಷಿನಲ್ಲಿ ಬಂತು. ಡೆಲ್ ಇದಕ್ಕೆ ಫಾರಿನ್ ಕಾನ್ಫಿಗರೇಶನ್ ಅಂತ ಹೆಸರಿಟ್ಟಿದೆ. ಫಾರಿನ್ ಅಂದರೆ ಇಲ್ಲಿ ಪರದೇಶಿ ಅಲ್ಲ, ಪರರದ್ದು ಅಂತ. ಸ್ಕ್ರೀನ್ ಎರಡು ದಾರಿ ಕೊಡುತ್ತದೆ. ಎಫ್ ಒತ್ತಿದರೆ ಆ ಸಂರಚನೆಯನ್ನು ಹಾಗೇ ಒಳಕ್ಕೆ ತೆಗೆದುಕೊಳ್ಳುತ್ತದೆ. ಸಿ ಒತ್ತಿದರೆ ಕಾರ್ಡ್‌ನ ಸೆಟ್ಟಿಂಗ್ ಪರದೆ ತೆರೆಯುತ್ತದೆ. 6/ಐನಲ್ಲಿ ಮಾಡಿದ ಜೋಡಿಯನ್ನು ಎಚ್700 ಡೇಟಾ ಕಳೆಯದೆ ಒಪ್ಪಿಕೊಳ್ಳುತ್ತದೆ. ಎಫ್ ಒತ್ತಿದ್ದರೆ ಅವತ್ತು ರಾತ್ರಿ ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರು.

ಹುಡುಗ ಗೊತ್ತಿದ್ದವರೊಬ್ಬರಿಗೆ ಫೋನ್ ಮಾಡಿದ.

"ಅಣ್ಣ, ಏನೋ ಫಾರಿನ್ ಅಂತ ಬರ್ತಿದೆ, ಏನ್ ಮಾಡ್ಲಿ?"

"ಅದು ಹಳೇದು ಕಣೋ. ಒಳಗ್ ಹೋಗಿ ಕ್ಲಿಯರ್ ಮಾಡು, ಹೊಸದಾಗಿ ವಿಡಿ ಮಾಡು, ಇನಿಶಿಯಲೈಸ್ ಕೊಡು. ಕ್ಲೀನ್ ಆಗ್ಬಿಡುತ್ತೆ."

ಕ್ಲೀನ್ ಆಯಿತು.

ಇಲ್ಲಿ ನಡೆದಿದ್ದನ್ನು ಬಿಡಿಸಿ ನೋಡಬೇಕು. ಕ್ಲಿಯರ್ ಅಂದಾಗ ಹೋಗುವುದು ಜೋಡಿಯ ವಿವರ ಮಾತ್ರ. ಒಳಗಿನ ಫೈಲುಗಳು ಡಿಸ್ಕ್ ಮೇಲೆ ಹಾಗೇ ಇರುತ್ತವೆ. ಅಷ್ಟಕ್ಕೇ ನಿಲ್ಲಿಸಿದ್ದರೆ, ಮೊದಲಿದ್ದ ಅಳತೆಯಲ್ಲೇ ಜೋಡಿಯನ್ನು ಮತ್ತೆ ಕಟ್ಟಿ ಇನಿಶಿಯಲೈಸ್ ಮಾಡದೆ ಬಿಟ್ಟು ಉಳಿಸಿಕೊಳ್ಳುವ ದಾರಿ ಅನುಭವಸ್ಥರಿಗೆ ಗೊತ್ತಿರುತ್ತದೆ. ಇನಿಶಿಯಲೈಸ್ ಕೊಟ್ಟಾಗ ಏಟು ಬೀಳುತ್ತದೆ. ಫಾಸ್ಟ್ ಇನಿಶಿಯಲೈಸ್ ಆದರೆ ಡಿಸ್ಕ್‌ನ ಮೊದಲ 8 ಎಂಬಿ, ಕೊನೆಯ 8 ಎಂಬಿ ಅಳಿಸಿಹೋಗುತ್ತದೆ. ವಿಂಡೋಸ್ ಏಳೋಕೆ ಬೇಕಾದ ದಾಖಲೆ, ಯಾವ ಪಾರ್ಟಿಷನ್ ಎಲ್ಲಿದೆ ಎಂಬ ಪಟ್ಟಿ ಇರೋದು ಆ ಮೊದಲ ಭಾಗದಲ್ಲೇ. ಪುಸ್ತಕದ ಹಾಳೆಗಳೆಲ್ಲ ಇದ್ದು ಪರಿವಿಡಿ ಹರಿದುಹೋದ ಹಾಗೆ. ಫುಲ್ ಇನಿಶಿಯಲೈಸ್ ಆದರೆ ಹಾಳೆಗಳೂ ಖಾಲಿ.

ಹುಡುಗ ಕೊಟ್ಟದ್ದು ಫಾಸ್ಟ್. ರಿಕವರಿ ಮಾಡುವವರ ಹತ್ತಿರ ಹೋಗಿದ್ದರೆ ಬಹುಪಾಲು ಸಿಗುವ ಸಾಧ್ಯತೆ ಇತ್ತು. ಆದರೆ ಗೊತ್ತಾಗುವ ಹೊತ್ತಿಗೆ ಅದರ ಮೇಲೇ ಹೊಸದಾಗಿ ವಿಂಡೋಸ್ ಹಾಕಿ ಆಗಿತ್ತು. ಡಿಸ್ಕ್‌ನಲ್ಲಿ ಏನಾದರೂ ಕಳೆದಿದೆ ಅಂತ ಅನುಮಾನ ಬಂದ ಕ್ಷಣ ಯಂತ್ರ ಆಫ್ ಮಾಡಬೇಕು, ಅದರ ಮೇಲೆ ಒಂದಕ್ಷರವೂ ಬರೆಯಬಾರದು.

ಇನ್ನೆರಡು ಎಚ್ಚರಿಕೆ. ಎಫ್ ಒತ್ತುವ ಮುನ್ನ ಎಲ್ಲ ಡಿಸ್ಕ್‌ಗಳೂ ಕಾಣುತ್ತಿವೆಯೇ ನೋಡಿ. ಕೇಬಲ್ ಸಡಿಲವಾಗಿ ಒಂದು ಡಿಸ್ಕ್ ಕಾಣದೇ ಇದ್ದರೆ ಮೊದಲು ಆಫ್ ಮಾಡಿ ಅದನ್ನು ಸರಿಪಡಿಸಿ. ಹಾಗೇ, ಎಚ್700ರಲ್ಲಿ ಕಟ್ಟಿದ ಜೋಡಿಯನ್ನು ಹಳೇ 6/ಐಗೆ ವಾಪಸ್ ಒಯ್ಯಲು ಆಗಲ್ಲ. ಹೋದರೆ ಹೋಗೋದೇ, ಹಿಂದಿರುಗುವ ಬಸ್ ಇಲ್ಲ. ಕಾರ್ಡ್ ಬದಲಿಸುವ ಮೊದಲೇ, ಹಳೇ ಕಾರ್ಡ್ ಓಡುತ್ತಿರುವಾಗಲೇ, ಹೊಸ ಕಾರ್ಡ್‌ನ ಡ್ರೈವರನ್ನು ವಿಂಡೋಸ್‌ಗೆ ಹಾಕಿಟ್ಟರೆ ನೀಲಿ ಸ್ಕ್ರೀನ್ ಕಾಟ ತಪ್ಪುತ್ತದೆ. ಲಿನಕ್ಸ್ ಬಳಸುವ ಕಡೆ ಇನ್ನೊಂದು ತೊಡಕು: ರೆಡ್ ಹ್ಯಾಟ್ 8ನೇ ಆವೃತ್ತಿಯಿಂದ ಇಂಥ ಹಳೇ ರೇಡ್ ಕಾರ್ಡ್‌ಗಳಲ್ಲಿ ಬಹಳಷ್ಟಕ್ಕೆ ಬೆಂಬಲ ತೆಗೆದಿದೆ. ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಲ್ಲ. ಈಎಲ್‌ರೆಪೊ ಎಂಬ ಯೋಜನೆಯವರು ಅದಕ್ಕೆ ಡ್ರೈವರ್ ಕೊಡುತ್ತಾರೆ.

ಬ್ಯಾಟರಿ ವಿಚಾರ

ರೇಡ್ ಕಾರ್ಡ್ ಜೊತೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಬಿಲ್ ಸೇವ್ ಮಾಡಿದಾಗ ಕಾರ್ಡ್ ಅದನ್ನು ಮೊದಲು ತನ್ನ ಕ್ಯಾಶ್ ಮೆಮೊರಿಗೆ ಬರೆದುಕೊಂಡು "ಆಯ್ತು" ಅನ್ನುತ್ತದೆ, ಆಮೇಲೆ ನಿಧಾನಕ್ಕೆ ಡಿಸ್ಕ್‌ಗೆ ಇಳಿಸುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಆ ಮೆಮೊರಿಯಲ್ಲಿದ್ದದ್ದು ಅಳಿಯದಂತೆ ಕಾಯೋದು ಬ್ಯಾಟರಿ. ಸೆಕೆಂಡ್ ಹ್ಯಾಂಡ್ ಸರ್ವರ್‌ಗಳಲ್ಲಿ ಇದು ಬಹುತೇಕ ಸತ್ತೇ ಇರುತ್ತದೆ, ಕೆಲವೊಮ್ಮೆ ಉಬ್ಬಿಕೊಂಡೂ ಇರುತ್ತದೆ. ಉಬ್ಬಿದ್ದರೆ ಒತ್ತದೆ, ಚುಚ್ಚದೆ ತೆಗೆದು ಬದಲಿಸಬೇಕು.

ಬ್ಯಾಟರಿ ಸತ್ತಿದ್ದರೆ ಕಾರ್ಡ್ ತಾನಾಗಿ ಜಾಗ್ರತೆಗೆ ಬೀಳುತ್ತದೆ. ಪ್ರತಿಯೊಂದನ್ನೂ ನೇರ ಡಿಸ್ಕ್‌ಗೇ ಬರೆದು ಆಮೇಲೆ "ಆಯ್ತು" ಅನ್ನುತ್ತದೆ. ಇದಕ್ಕೆ ರೈಟ್ ಥ್ರೂ ಅಂತಾರೆ. ಲೆಕ್ಕ ಸುರಕ್ಷಿತ, ಆದರೆ ಯಂತ್ರ ತೆವಳುತ್ತದೆ. ಇದನ್ನು ನೋಡಿ "ಸರ್ವರ್ ಸ್ಲೋ" ಅಂದಾಗ ಕೆಲವು ಟೆಕ್ನಿಷಿಯನ್‌ಗಳು ಸೆಟ್ಟಿಂಗ್‌ಗೆ ಹೋಗಿ ಫೋರ್ಸ್ ರೈಟ್ ಬ್ಯಾಕ್ ಅಂತ ಕೊಟ್ಟುಬಿಡುತ್ತಾರೆ. ಬ್ಯಾಟರಿ ಇಲ್ಲದಿದ್ದರೂ ಕ್ಯಾಶ್ ಬಳಸು ಅಂತ ಅದರ ಅರ್ಥ. ತಕ್ಷಣ ವೇಗ ಬರುತ್ತದೆ, ಯಜಮಾನರು ಖುಷಿಯಾಗಿ ದುಡ್ಡು ಕೊಡುತ್ತಾರೆ. ಮುಂಗಾರಿನ ಮೊದಲ ಗುಡುಗಿಗೆ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟ ದಿನ ಟ್ಯಾಲಿ ಕಂಪನಿ ತೆರೆಯೋದೇ ಇಲ್ಲ. ರಿಪೇರಿಗೆ ಬಂದವರನ್ನು "ರೈಟ್ ಬ್ಯಾಕ್ ಫೋರ್ಸ್ ಮಾಡಿದ್ದೀರಾ, ಬ್ಯಾಟರಿ ಚೆನ್ನಾಗಿದೆಯಾ" ಅಂತ ಕೇಳಿ. ಕೇಳೋಕೆ ಕಂಪ್ಯೂಟರ್ ಓದಿರಬೇಕಿಲ್ಲ.

ಹಾಕುವ ಕ್ರಮ

ಮೊದಲು ಡೇಟಾದ ಒಂದು ಪ್ರತಿ ಹೊರಗೆ. ಪ್ರತಿ ತೆಗೆದರೆ ಸಾಲದು, ಬೇರೊಂದು ಕಂಪ್ಯೂಟರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ ನಿನ್ನೆಯ ಬಿಲ್ ಕಾಣುತ್ತಿದೆಯಾ ನೋಡಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೇ ದಿನಾಂಕದಿಂದ 72 ತಿಂಗಳು ಇಟ್ಟುಕೊಂಡಿರಬೇಕು. "ಸರ್ವರ್ ಹೋಯ್ತು ಸಾರ್" ಅಂದರೆ ಆ ಜವಾಬ್ದಾರಿ ಮುಗಿಯಲ್ಲ.

ಸರ್ವರನ್ನು ವಿಂಡೋಸ್‌ನಿಂದ ಶಟ್‌ಡೌನ್ ಮಾಡಿ, ಹಿಂದಿನ ಎರಡೂ ಪವರ್ ಕಾರ್ಡ್ ಕೀಳಿ. ಎರಡು ಅನ್ನೋದನ್ನು ಮರೆಯುವವರೇ ಹೆಚ್ಚು. ಒಂದನ್ನೇ ಕಿತ್ತರೆ ಇನ್ನೊಂದರಿಂದ ಕರೆಂಟ್ ಇರುತ್ತದೆ. ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿದರೆ ಉಳಿದದ್ದೂ ಇಳಿಯುತ್ತದೆ. ಮುಚ್ಚಳ ತೆಗೆದು ಏನನ್ನೂ ಮುಟ್ಟುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ: ಯಾವ ಕೇಬಲ್ ಎಲ್ಲಿ, ಯಾವ ಡಿಸ್ಕ್ ಎಷ್ಟನೇ ಖಾನೆಯಲ್ಲಿ. ಬಯೋಸ್ ಮತ್ತು ರೇಡ್ ಸೆಟ್ಟಿಂಗ್ ಪರದೆಗಳ ಫೋಟೋ ಆಫ್ ಮಾಡುವ ಮುಂಚೆಯೇ ಆಗಿರಬೇಕು. ಕೈಗೆ ಸ್ಟ್ಯಾಟಿಕ್ ಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸರ್ವರ್‌ನ ಬರಿ ಕಬ್ಬಿಣದ ಭಾಗ ಆಗಾಗ ಮುಟ್ಟುತ್ತಿರಿ. ಕಾರ್ಡನ್ನು ಅಂಚಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.

ಒಂದು ಸಲಕ್ಕೆ ಒಂದೇ ಕಾರ್ಡ್. ಹಾಕಿ, ಆನ್ ಮಾಡಿ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿಲ್ಲದೆ ಬಂತಾ ನೋಡಿ, ಆಮೇಲೆ ಇನ್ನೊಂದು. ಮೂರನ್ನೂ ಒಟ್ಟಿಗೆ ಹಾಕಿ ಯಂತ್ರ ಏಳದೇ ಇದ್ದರೆ ಯಾವುದರದ್ದು ತಪ್ಪು ಅಂತ ಹುಡುಕೋದರಲ್ಲೇ ಬೆಳಗಾಗುತ್ತದೆ.

ಡೆಲ್‌ನಲ್ಲಿ ಎಫ್2 ಒತ್ತಿದರೆ ಬಯೋಸ್, ಎಫ್11 ಒತ್ತಿದರೆ ಯಾವುದರಿಂದ ಏಳಬೇಕು ಎಂಬ ಪಟ್ಟಿ, ಕಂಟ್ರೋಲ್ ಜೊತೆ ಆರ್ ಒತ್ತಿದರೆ ರೇಡ್ ಕಾರ್ಡ್‌ನ ಪರದೆ. ಅದೇ ಕಾಲದ ಎಚ್‌ಪಿ ಪ್ರೋಲಯಂಟ್‌ಗಳಲ್ಲಿ ಬಯೋಸ್‌ಗೆ ಎಫ್9, ಸ್ಮಾರ್ಟ್ ಅರೇ ಕಾರ್ಡ್‌ಗೆ ಎಫ್8. ಹೊಸ ಕಾರ್ಡ್ ಹಾಕಿದ ಮೇಲೆ ಬೂಟ್ ಆಗುವ ಡಿಸ್ಕ್ ಇಲ್ಲ ಅಂತ ಬಂದರೆ ಗಾಬರಿ ಬೇಡ. ಅನೇಕ ಸಲ ಕ್ರಮ ಪಟ್ಟಿಯಲ್ಲಿ ಹೊಸ ಕಾರ್ಡ್ ಮೇಲಕ್ಕೆ ಹೋಗಿರುತ್ತದೆ ಅಷ್ಟೇ. ಬಯೋಸ್‌ನಲ್ಲಿ ಹಾರ್ಡ್ ಡಿಸ್ಕ್ ಕ್ರಮ ಸರಿಪಡಿಸಿದರೆ ಏಳುತ್ತದೆ.

ಹಳೇ ಸರ್ವರ್‌ಗಳಲ್ಲಿ ಮಾತ್ರ ಕಾಡುವ ಒಂದು ರೋಗ ಇದೆ. ಪ್ರತಿ ಕಾರ್ಡ್ ತನ್ನದೊಂದು ಸಣ್ಣ ಪ್ರೋಗ್ರಾಮ್ ಇಟ್ಟುಕೊಂಡಿರುತ್ತದೆ, ಆನ್ ಆದಾಗ ಬಯೋಸ್ ಅದನ್ನು ಓದುತ್ತದೆ. ಆಪ್ಷನ್ ರಾಮ್ ಅಂತ ಹೆಸರು. ಹಳೇ ಬಯೋಸ್ ಪದ್ಧತಿಯಲ್ಲಿ ಈ ಎಲ್ಲಕ್ಕೂ ಸೇರಿ ಇರುವ ಜಾಗ 128 ಕೆಬಿ ಮಾತ್ರ, ಅದರಲ್ಲೂ ವಿಡಿಯೋಗೆ ಒಂದು ಪಾಲು ಹೋಗುತ್ತದೆ. ಯಂತ್ರದ ಒಳಗೆ ಎಷ್ಟೇ ಜಿಬಿ ರಾಮ್ ಇದ್ದರೂ ಇದು ಹೆಚ್ಚಾಗಲ್ಲ. ನಾಲ್ಕು ನೆಟ್‌ವರ್ಕ್ ಪೋರ್ಟ್ ಒಂದೊಂದೂ "ನೆಟ್‌ವರ್ಕ್‌ನಿಂದ ಬೂಟ್ ಆಗಲಾ" ಅಂತ ಜಾಗ ಹಿಡಿದರೆ ಕೊನೆಗೆ ಬಂದ ರೇಡ್ ಕಾರ್ಡ್‌ಗೆ ಜಾಗ ಸಿಗದೆ ಡಿಸ್ಕ್ ಕಾಣದಿರಬಹುದು. ಬಯೋಸ್‌ನಲ್ಲಿ ನೆಟ್‌ವರ್ಕ್ ಪೋರ್ಟ್‌ಗಳ ಪಿಎಕ್ಸ್‌ಈ ಬೂಟ್ ಆಫ್ ಮಾಡಿದರೆ ಜಾಗ ಬಿಡುಗಡೆ ಆಗುತ್ತದೆ. ಪೋರ್ಟ್ ಕೆಲಸ ಮಾಡೋದು ನಿಲ್ಲಲ್ಲ.

ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ, ಸಿಆರ್2032, ಮುಚ್ಚಳ ತೆಗೆದಾಗಲೇ ಬದಲಿಸಿಬಿಡಿ. ಅದು ಸತ್ತರೆ ಮಾಡಿದ ಸೆಟ್ಟಿಂಗ್ ಎಲ್ಲ ಮರೆತುಹೋಗಿ ತಾರೀಖೂ ಹಿಂದಕ್ಕೆ ಹೋಗುತ್ತದೆ. ಇನ್ನು ಹೊಸ ಕಾರ್ಡ್ ಹಾಕಿದ ಮೇಲೆ ಫ್ಯಾನ್ ವಿಮಾನದ ತರ ಕೂಗಲು ಶುರುವಾದರೆ ಕಾರ್ಡ್ ಕೆಟ್ಟಿದೆ ಅಂತಲ್ಲ. ಆರ್720 ತಲೆಮಾರಿನಿಂದ ಡೆಲ್ ಯಂತ್ರಗಳು ಪರಿಚಯವಿಲ್ಲದ ಕಾರ್ಡ್ ಕಂಡರೆ ಅದೆಷ್ಟು ಬಿಸಿಯಾಗುತ್ತದೋ ಏನೋ ಅಂತ ಫ್ಯಾನ್ ಜೋರು ಮಾಡುತ್ತವೆ. ಅದನ್ನು ಆಫ್ ಮಾಡಲು ದಾರಿ ಇದೆ, ಆದರೆ ಬೇಸಿಗೆಯಲ್ಲಿ ಎಸಿ ಇಲ್ಲದ ಅಂಗಡಿಯಲ್ಲಿ ಫ್ಯಾನ್ ಕೂಗಲಿ ಬಿಡಿ.

ಮ್ಯಾನುಯಲ್ ಎಲ್ಲಿ ಅಂತ ಹುಡುಕಬೇಕಿಲ್ಲ. ಡೆಲ್ ಸರ್ವರ್ ಮೇಲೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಅಂಟಿಸಿರುತ್ತಾರೆ. ಕಂಪನಿಯ ಸಪೋರ್ಟ್ ಪುಟದಲ್ಲಿ ಅದನ್ನು ಟೈಪ್ ಮಾಡಿದರೆ ಆ ಮಾಡೆಲ್‌ನ ಪುಸ್ತಕ, ಡ್ರೈವರ್, ಫರ್ಮ್‌ವೇರ್ ಸಿಗುತ್ತವೆ. ಎಸ್.ಪಿ. ರೋಡ್‌ಗೆ ಹೋಗುವವರು ಆ ಟ್ಯಾಗ್, ರೈಸರ್ ಫೋಟೋ, ಈಗಿರುವ ರೇಡ್ ಕಾರ್ಡ್‌ನ ಹೆಸರು, ಎಷ್ಟು ಪ್ರೊಸೆಸರ್ ಇದೆ ಎಂಬುದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ರೈಲು ಹತ್ತಿದರೆ ಎರಡನೇ ಸಲ ಹೋಗುವ ಖರ್ಚು ಉಳಿಯುತ್ತದೆ.

ಮಂಡಿಯವರಿಗೆ ಕೊನೆಗೆ ಕೈ ಹಿಡಿದದ್ದು ಅವರ ಟ್ಯಾಕ್ಸ್ ಪ್ರಾಕ್ಟೀಷನರ್ ಬಳಿ ಇದ್ದ ಪೆನ್‌ಡ್ರೈವ್. ರಿಟರ್ನ್ ಹಾಕೋಕೆ ಅಂತ ಹನ್ನೊಂದು ದಿನದ ಹಿಂದೆ ಟ್ಯಾಲಿ ಡೇಟಾ ಅವರಿಗೆ ಕೊಟ್ಟಿದ್ದರು. ಅಲ್ಲಿಂದ ಮುಂದಿನದನ್ನು ಪ್ರಿಂಟ್ ಆದ ಬಿಲ್ಲು, ತೂಕದ ಚೀಟಿ, ರೈತರಿಗೆ ಕೊಟ್ಟ ಪಟ್ಟಿಯ ಪ್ರತಿಗಳನ್ನು ಗುಡ್ಡೆ ಹಾಕಿಕೊಂಡು ಗುಮಾಸ್ತರಿಬ್ಬರು ಮೂರು ರಾತ್ರಿ ಕೂತು ಹೊಡೆದರು. ಎಚ್700 ಈಗ ಅದೇ ಸರ್ವರ್‌ನಲ್ಲಿ ಚೆನ್ನಾಗಿ ಓಡುತ್ತಿದೆ, 4 ಟಿಬಿ ಡಿಸ್ಕ್ ಪೂರ್ತಿ ಕಾಣುತ್ತಿದೆ. ಯುಎಸ್‌ಬಿ 3 ಕಾರ್ಡ್ ಒಂದು ಎಕ್ಸ್4 ಸ್ಲಾಟ್‌ನಲ್ಲಿ ಕೂತಿದೆ. ದಿನಾ ಸಂಜೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕುವ ಮೊದಲು ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚುವ ಕೆಲಸವನ್ನು ಯಜಮಾನರು ತಂಗಿ ಮಗನಿಗೇ ಒಪ್ಪಿಸಿದ್ದಾರೆ.